ಬೆಟ್ಟ ಕಳಕೊಂಡವರಿಗೆ ಒಂದು ಡಬ್ಬಿ ಮೀನು

ನಮ್ಮ ಹಾಸ್ಟೆಲಿನಲ್ಲಿ ಈ ಜಗಳ ಹುಟ್ಟಿದ್ದು ಒಂದು ತಗಡಿನ ಡಬ್ಬದಿಂದ. 2019 ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಸೀಮೆಯಲ್ಲಿ ನೆರೆ ಬಂದು ಊರುಗಳು ಮುಳುಗಿದಾಗ ಕಾಲೇಜಿನವರು ಡಬ್ಬಕ್ಕೆ ಬಿಳಿ ಕಾಗದ ಅಂಟಿಸಿ, ಮುಚ್ಚಳದಲ್ಲಿ ಸೀಳು ಕೊರೆದು ನಮ್ಮ ಕೈಗೆ ಕೊಟ್ಟರು. ಎರಡು ದಿನ ಬಸ್ ಸ್ಟ್ಯಾಂಡು, ಸಂತೆಬೀದಿ ಸುತ್ತಿದೆವು. ಮೂರನೆಯ ರಾತ್ರಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮಲ್ಲೊಬ್ಬ ತಟ್ಟೆ ಕೆಳಗಿಟ್ಟ. "ಏನ್ರೋ, ನಾವೇ ಸರ್ಕಾರದ ಬಿಟ್ಟಿ ಕೂಳಿನೋರು ಅಂತ ದಿನಾ ಅನ್ನಿಸ್ಕೋತೀವಿ. ಈಗ ಇನ್ನೊಬ್ಬರನ್ನೂ ಬಿಟ್ಟಿ ಕೂಳಿನೋರು ಮಾಡೋಕೆ ಡಬ್ಬ ಅಲ್ಲಾಡಿಸಬೇಕಾ? ಇದು ಉಳ್ಳೋರ ದಾನಧರ್ಮದ ಆಟ. ನಾಳೆಯಿಂದ ನಾನು ಬರಲ್ಲ" ಅಂದ. ಅವನ ಹಿಂದೆ ನಿಂತಿದ್ದವನ ಅಕ್ಕನನ್ನು ಕೊಟ್ಟಿದ್ದು ಘಟಪ್ರಭಾ ದಂಡೆಯ ಊರಿಗೆ. ಅವನು ಅಂದ: "ನಮ್ಮಕ್ಕ ನಾಕ್ ದಿನದಿಂದ ಸಾಲಿ ಗಂಜಿಕೇಂದ್ರದಾಗ ಕೂಸಿನ ಮಲಗಿಸ್ಕೊಂಡು ಕುಂತಾಳ. ಅಕಿ ಮುಂದ ಹೋಗಿ ಹೇಳು ಈ ಮಾತ."

ಆವತ್ತು ಎಲ್ಲರ ಮುದ್ದೆಯೂ ತಣ್ಣಗಾಯಿತು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಅದಕ್ಕೇ ಆ ಜಗಳ ಇನ್ನೂ ಮುಗಿದಿಲ್ಲ, ಮಳೆಗಾಲ ಬಂದಾಗೆಲ್ಲ ಮತ್ತೆ ಎದ್ದು ಕೂರುತ್ತದೆ. ಹೋದ ಸಭೆಯಲ್ಲೂ ಎದ್ದಿತು. ಈ ಸಲ ನಾವು ಕೂಗಾಡುವುದನ್ನು ಬಿಟ್ಟು ಸ್ವಲ್ಪ ಓದಿಕೊಂಡು ಬಂದಿದ್ದೇವೆ. ಓದಿದ್ದು ಫಿಲಿಪೈನ್ಸ್ ದೇಶದ ಒಂದು ಬೆಂಕಿಬೆಟ್ಟದ ಸಂಗತಿ, ಆ ಬೆಟ್ಟದಲ್ಲಿದ್ದ ಜನರ ಸಂಗತಿ. "ಅಷ್ಟು ದೂರ ಯಾಕ್ರಯ್ಯ ಹೋಗ್ತೀರಿ, ನಮ್ಮ ಕೇರಿ ಸಂಗತಿ ಬರೀರಿ" ಅನ್ನುವ ಹಿರಿಯರಲ್ಲಿ ನಮ್ಮದೊಂದು ಅರಿಕೆ: ಕೊನೆಯ ತನಕ ಓದಿ. ಕೇರಿ ದಾರಿಯಲ್ಲೇ ಸಿಗುತ್ತದೆ.

ಬೆಟ್ಟದ ಹೆಸರು ಪಿನಾಟುಬೊ. ಲುಝಾನ್ ದ್ವೀಪದಲ್ಲಿದೆ, ರಾಜಧಾನಿ ಮನಿಲಾದಿಂದ ಸುಮಾರು 90 ಕಿಲೋಮೀಟರು. ಐನೂರು ವರ್ಷದಷ್ಟು ಕಾಲ ತಣ್ಣಗೆ ಮಲಗಿದ್ದ ಬೆಟ್ಟ ಅದು. ಮೈತುಂಬ ಕಾಡು. ಅದು ಜ್ವಾಲಾಮುಖಿ ಅನ್ನುವುದೇ ಸುತ್ತಲಿನ ಬಹಳ ಮಂದಿಗೆ ಗೊತ್ತಿರಲಿಲ್ಲ. 1991 ರ ಜೂನ್ 15 ರಂದು ಸಿಡಿಯಿತು. ಬೂದಿ 35 ಕಿಲೋಮೀಟರು ಮೇಲಕ್ಕೆ ಹೋಯಿತು. ಹಗಲೇ ಕತ್ತಲಾಯಿತು. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲಿ ಅದೊಂದು. ಅದರ ಹೊಗೆ ಇಡೀ ಭೂಮಿಗೆ ಮುಸುಕು ಹಾಕಿ, ಮುಂದೆ ಒಂದೆರಡು ವರ್ಷ ಲೋಕದ ಉಷ್ಣತೆಯೇ ಸುಮಾರು ಅರ್ಧ ಡಿಗ್ರಿ ಇಳಿಯಿತು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಂದರೆ ಆ ಬೆಟ್ಟದ ಬೂದಿ ನಮ್ಮ ಅಪ್ಪಂದಿರು ಉತ್ತ ಹೊಲದ ಮೇಲಿನ ಆಕಾಶಕ್ಕೂ ಬಂದಿತ್ತು. ಸಿಡಿದ ದಿನವೇ ಚಂಡಮಾರುತವೂ ಬಂತು. ಮಳೆಗೆ ಬೂದಿ ನೆಂದು ಕಲ್ಲಿನಷ್ಟು ಭಾರವಾಗಿ ಸೂರುಗಳು ಕುಸಿದವು. ಆ ಹೊತ್ತಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಬೆಂಕಿಗೆ ಸಿಕ್ಕಿ ಸಾಯಲಿಲ್ಲ, ಸೂರಿನಡಿ ಸಿಕ್ಕಿ ಸತ್ತರು.

ಬೆಟ್ಟದ ಮೈಮೇಲೆ ಇದ್ದವರು ಆಯ್ತಾ ಜನ. ಕಪ್ಪು ಮೈ, ಗುಂಗುರು ಕೂದಲು, ಗಿಡ್ಡ ಆಳು. ಅಲ್ಲಿಯ ಆದಿವಾಸಿಗಳು. ಸ್ಪೇನಿನವರು ಮುನ್ನೂರು ವರ್ಷ ಆ ದೇಶ ಆಳಿದರೂ ಇವರನ್ನು ಬಯಲಿಗೆ ಇಳಿಸಿ ಊರು ಕಟ್ಟಿಸಲು ಆಗಲಿಲ್ಲ. ಕಾಡಿನಲ್ಲಿ ಒಂದು ತುಂಡು ಕಡಿದು, ಸುಟ್ಟು, ಗೆಣಸು, ಕೆಸುವಿನ ಗೆಡ್ಡೆ, ಬಾಳೆ ಬೆಳೆದು, ನೆಲ ಸೋತಾಗ ಅದನ್ನು ಬಿಟ್ಟು ಮುಂದಕ್ಕೆ ಹೋಗುವುದು ಅವರ ಬೇಸಾಯ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕುಮರಿ ಅನ್ನುತ್ತಾರಲ್ಲ, ಅದೇ. ಬಯಲು ಸೀಮೆಯವರನ್ನು ಆಯ್ತಾಗಳು 'ಉನಾತ್' ಅಂತಾರೆ, ನೆಟ್ಟಗೂದಲಿನವರು ಅಂತ. ತಮ್ಮನ್ನು 'ಕುಲೊತ್' ಅಂತಾರೆ, ಗುಂಗುರುಗೂದಲಿನವರು ಅಂತ. ನಮ್ಮಲ್ಲಿ ಊರು, ಕೇರಿ ಅಂತ ಇದೆ. ಅಲ್ಲಿ ಕೂದಲಿನಲ್ಲೇ ಆ ಗೆರೆ ಎಳೆದಿದ್ದಾರೆ.

ಆ ಬೆಟ್ಟದ ಬುಡದಲ್ಲಿ ಇನ್ನೊಂದು ಊರಿತ್ತು. ಅಮೆರಿಕದ ಕ್ಲಾರ್ಕ್ ವಾಯುನೆಲೆ. ಆಯ್ತಾಗಳು ಅಲೆದಾಡುತ್ತಿದ್ದ ನೆಲಕ್ಕೆ ಬೇಲಿ ಹಾಕಿ ಕಟ್ಟಿದ್ದು. ಬೇಲಿಯಾಚೆ ಸೈನಿಕರು ಎಸೆದ ಕಸದಲ್ಲಿ ತಗಡು, ಡಬ್ಬ, ತಂತಿ ಆರಿಸಿಕೊಂಡು ಕೆಲವು ಆಯ್ತಾ ಸಂಸಾರಗಳು ಹೊಟ್ಟೆ ಹೊರೆದವು. ಇನ್ನು ಕೆಲವು ಗಂಡಸರು ಅಮೆರಿಕದ ಸೈನಿಕರಿಗೆ ಮೇಷ್ಟ್ರಾಗಿದ್ದರು. ಕಾಡಿನಲ್ಲಿ ನೀರು ಎಲ್ಲಿ ಸಿಗುತ್ತದೆ, ಯಾವ ಬೇರು ತಿನ್ನಬಹುದು, ಬಿದಿರಿನಲ್ಲಿ ಅನ್ನ ಬೇಯಿಸುವುದು ಹೇಗೆ ಅಂತ ವಿಯಟ್ನಾಮ್ ಯುದ್ಧಕ್ಕೆ ಹೋಗುವವರಿಗೆ ಕಲಿಸಿದವರು ಇವರು. ಲೋಕದ ಅತಿ ಬಲಾಢ್ಯ ಸೈನ್ಯಕ್ಕೆ ಬದುಕುವುದನ್ನು ಹೇಳಿಕೊಟ್ಟವರ ಮಕ್ಕಳು ಅದೇ ಸೈನ್ಯದ ಕಸದ ಗುಡ್ಡೆಯ ಮೇಲೆ ಇದ್ದರು ಅನ್ನುವುದನ್ನು ನೀವು ಒಂದು ಸಲ ನಿಂತು ಯೋಚನೆ ಮಾಡಬೇಕು.

ಈಗ ಮುಖ್ಯ ಸಂಗತಿಗೆ ಬರುತ್ತೇವೆ. 1991 ರ ಏಪ್ರಿಲ್ 2 ರಂದು ಬೆಟ್ಟದ ಬಿರುಕಿನಲ್ಲಿ ಮೊದಲು ಉಗಿ ಎದ್ದಾಗ ಅದನ್ನು ಕಂಡವರು ಅಲ್ಲೇ ಇದ್ದ ಆಯ್ತಾಗಳು. ಅವರಲ್ಲಿ ಕೆಲವರು ತಮ್ಮ ಜೊತೆ ಇದ್ದ ಒಬ್ಬ ಕ್ರೈಸ್ತ ಸನ್ಯಾಸಿನಿಯನ್ನು ಕರಕೊಂಡು ಸರ್ಕಾರದ ಜ್ವಾಲಾಮುಖಿ ಇಲಾಖೆಗೆ ಸುದ್ದಿ ಮುಟ್ಟಿಸಿದರು. ಆಮೇಲೆ ಫಿಲಿಪೈನ್ಸಿನ ವಿಜ್ಞಾನಿಗಳೂ ಅಮೆರಿಕದವರೂ ಸೇರಿ ಯಂತ್ರಗಳನ್ನಿಟ್ಟು, ಹಗಲು ರಾತ್ರಿ ಕಾದು, ಜನರನ್ನು ಸಕಾಲಕ್ಕೆ ಎಬ್ಬಿಸಿದರು. ಕಡಿಮೆಯೆಂದರೂ 5,000 ಜೀವ ಉಳಿಯಿತು. ವಿಜ್ಞಾನ ಮಾಡಿದ ಆ ಕೆಲಸಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ಮೊದಲ ಸುದ್ದಿ ಕೊಟ್ಟವರು ಆಮೇಲೆ ಬಂದ ಚಿತ್ರಗಳಲ್ಲಿ ಬರೀ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರಾಗಿ ಕಾಣುತ್ತಾರೆ. ಕಾವಲುಗಾರ ಭಿಕ್ಷುಕನಾಗಿದ್ದು ಯಾವ ಗಳಿಗೆಯಲ್ಲಿ?

ಆಯ್ತಾ ಹಿರಿಯರು ಇನ್ನೊಂದು ಮಾತು ಹೇಳುತ್ತಿದ್ದರು. ಬೆಟ್ಟದಲ್ಲಿರುವ ತಮ್ಮ ದೇವರು ಅಪೊ ನಮಲ್ಯಾರಿಗೆ ಕೋಪ ಬಂದದ್ದು ಕೊರೆತದಿಂದ ಅಂತ. ಸ್ಫೋಟಕ್ಕೆ ಕೆಲವೇ ವರ್ಷ ಮುಂಚೆ ಸರ್ಕಾರಿ ಎಣ್ಣೆ ಕಂಪನಿಯೊಂದು ಭೂಶಾಖದ ವಿದ್ಯುತ್ತಿಗಾಗಿ ಆ ಬೆಟ್ಟದಲ್ಲಿ ಬಾವಿಗಳನ್ನು ಕೊರೆಸಿತ್ತು. ನಾವು ದೇವರ ಕೋಪ ನಂಬುವವರಲ್ಲ. ಕೊರೆದದ್ದಕ್ಕೇ ಬೆಟ್ಟ ಸಿಡಿಯಿತು ಅಂತ ವಿಜ್ಞಾನವೂ ಹೇಳುವುದಿಲ್ಲ. 1934 ರಲ್ಲಿ ಬಿಹಾರದ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಅಂತ ಗಾಂಧಿ ಹೇಳಿದಾಗ ಟಾಗೋರರು ಒಪ್ಪದೆ ಬಹಿರಂಗವಾಗಿ ಬರೆದರು, ಆ ವಿಷಯದಲ್ಲಿ ನಾವು ಟಾಗೋರರ ಕಡೆ. ಆದರೆ ಆಯ್ತಾ ಮುದುಕನ ಮಾತಿನಲ್ಲಿ ಒಂದು ದೂರು ಇದೆಯಲ್ಲ, ನಮ್ಮ ಬೆಟ್ಟವನ್ನು ನಮ್ಮನ್ನು ಕೇಳದೆ ಕೊರೆದಿರಿ ಅನ್ನುವ ದೂರು, ಅದು ನಮಗೆ ಅರ್ಥವಾಗುತ್ತದೆ. ಆ ದೂರು ದಾಖಲಿಸಿಕೊಳ್ಳಲು ಅವರಿಗೆ ಕಚೇರಿ ಇರಲಿಲ್ಲ, ದೇವರಿದ್ದ.

ಜೂನ್ 10 ರಂದು ಕ್ಲಾರ್ಕ್ ನೆಲೆ ಖಾಲಿಯಾಯಿತು. ಸೈನಿಕರು, ಹೆಂಡತಿ, ಮಕ್ಕಳು ಸೇರಿ ಸುಮಾರು 15,000 ಅಮೆರಿಕನ್ನರು ಒಂದೇ ದಿನದಲ್ಲಿ ಸಾಲು ಸಾಲು ಗಾಡಿಗಳಲ್ಲಿ ಸುಬಿಕ್ ನೌಕಾನೆಲೆಗೆ ಹೋದರು. ಆಮೇಲೆ ಹಡಗು, ವಿಮಾನ ಹತ್ತಿ ಅವರ ಸಂಸಾರಗಳು ತಾಯ್ನಾಡು ಸೇರಿದವು. ಅವರಿಗೆ ಅನ್ನ, ಹಾಸಿಗೆ, ಟಿಕೇಟು ಎಲ್ಲ ಸಿಕ್ಕಿತು. ಅದನ್ನು ಯಾರೂ ದಾನ ಅನ್ನಲಿಲ್ಲ. ಅವರ ಸರ್ಕಾರ ಅವರ ಜನಕ್ಕೆ ಮಾಡಲೇಬೇಕಾದ ಕೆಲಸ ಮಾಡಿತು ಅಷ್ಟೆ. ಆ ತಾಯಂದಿರು ಯಾರ ಮುಂದೆಯೂ ಕೃತಜ್ಞತೆಯ ಮುಖ ಮಾಡಿಕೊಂಡು ಫೋಟೋಗೆ ನಿಲ್ಲಬೇಕಾಗಲಿಲ್ಲ. ಅದೇ ಬೆಟ್ಟ, ಅದೇ ಬೂದಿ. ಆದರೆ ಆಯ್ತಾ ಹೆಂಗಸು ಶಾಲೆಯ ಜಗುಲಿಯಲ್ಲಿ, ಡೇರೆಯಲ್ಲಿ ಮಲಗಿದ್ದು ಮಾತ್ರ ದಾನಿಗಳ ದಯೆ.

ತಟ್ಟೆ ಕೆಳಗಿಟ್ಟ ನಮ್ಮ ಗೆಳೆಯ ಸಿಟ್ಟಾದದ್ದು ಇದಕ್ಕೇ ಅಂತ ಈಗ ನಮಗೆ ಅನ್ನಿಸುತ್ತದೆ. ಅನ್ನ ಒಂದೇ. ಮೇಲಿನವರಿಗೆ ಅದು ವ್ಯವಸ್ಥೆಯಾಗಿ ಬರುತ್ತದೆ, ಕೆಳಗಿನವರಿಗೆ ಹಂಗಾಗಿ ಬರುತ್ತದೆ. ನಮ್ಮ ಹಾಸ್ಟೆಲಿನ ಅನ್ನ ನಮ್ಮ ಅಪ್ಪ ಅವ್ವ ಬೆಂಕಿಪೆಟ್ಟಿಗೆಯಿಂದ ಬಸ್ ಟಿಕೇಟಿನ ತನಕ ಕಟ್ಟಿದ ತೆರಿಗೆಯ ಅನ್ನ. ಆದರೂ ಎರಡನೇ ಸಲ ಸಾರು ಕೇಳಿದರೆ "ಮನೇಲಿ ಏನ್ ತಿಂತಿದ್ಯೋ" ಅನ್ನುವ ಮಾತು ಕೇಳದವರು ನಮ್ಮಲ್ಲಿ ಯಾರಿದ್ದೀರಿ, ಕೈ ಎತ್ತಿ.

ಆಯ್ತಾ ಶಿಬಿರಗಳಿಗೆ ಬನ್ನಿ. ಸುಮಾರು 20,000 ಆಯ್ತಾಗಳು ಪೂರ್ತಿ ನೆಲೆ ಕಳಕೊಂಡರು. ಬಯಲಿನಿಂದ ಎದ್ದು ಹೋದವರು ಎರಡು ಲಕ್ಷಕ್ಕೂ ಹೆಚ್ಚು. ಲೋಕದ ಎಲ್ಲ ಕಡೆಯಿಂದ ನೆರವು ಬಂತು. ಅಕ್ಕಿ ಬಂತು, ಡಬ್ಬಿಯಲ್ಲಿ ತುಂಬಿದ ಸಾರ್ಡಿನ್ ಮೀನು ಬಂತು, ಹಾಲುಪುಡಿ ಬಂತು. ಕೊಟ್ಟವರ ಮನಸ್ಸು ಕೆಟ್ಟದಿತ್ತು ಅಂತ ನಾವು ಹೇಳುವುದಿಲ್ಲ. ಆದರೆ ಗೆಣಸು ಗೆಡ್ಡೆ ತಿಂದು ಬೆಟ್ಟದ ಗಾಳಿಯಲ್ಲಿ ಬೆಳೆದ ಜನ ಅವರು. ಬಯಲಿನ ಬಿಸಿಲಿನಲ್ಲಿ ಡೇರೆ ಒಳಗೆ ಒತ್ತೊತ್ತಾಗಿ ಮಲಗಿ, ದಿನಾ ಡಬ್ಬಿ ಮೀನು ತಿಂದರೆ ಏನಾಗುತ್ತದೆ? ಭೇದಿ ಹತ್ತಿಕೊಂಡಿತು. ನೆಗಡಿ ನ್ಯುಮೋನಿಯಾಕ್ಕೆ ತಿರುಗಿತು. ಆಮೇಲೆ ದಡಾರ ಬಂತು. ಬಯಲಿನ ಮಕ್ಕಳಿಗೆ ಬಹುಪಾಲು ಲಸಿಕೆ ಆಗಿತ್ತು. ಬೆಟ್ಟದ ಮಕ್ಕಳಿಗೆ ಲಸಿಕೆ ಹಾಕಲು ಅದಕ್ಕೆ ಮುಂಚೆ ಯಾರೂ ಮನಸ್ಸಿಟ್ಟು ಬೆಟ್ಟ ಹತ್ತಿರಲಿಲ್ಲ. ಜ್ವಾಲಾಮುಖಿಯಿಂದ ತಪ್ಪಿಸಿಕೊಂಡು ಇಳಿದು ಬಂದ ಜನ, ಪರಿಹಾರ ಕೇಂದ್ರದ ಒಳಗೆ, ಅಕ್ಕಿ ಮೂಟೆಗಳ ಪಕ್ಕದಲ್ಲೇ ನೂರಾರು ಲೆಕ್ಕದಲ್ಲಿ ಸತ್ತರು. ಅದರಲ್ಲಿ ಹೆಚ್ಚಿನವರು ಚಿಕ್ಕ ಮಕ್ಕಳು.

ಆಯ್ತಾಗಳು ಔಷಧಿ ಬೇಡ ಅಂದರು, ಸೂಜಿ ಚುಚ್ಚಿಸಿಕೊಳ್ಳಲು ಹೆದರಿದರು, ಕಾಯಿಲೆ ಬಿದ್ದ ಮಗುವನ್ನು ಆಸ್ಪತ್ರೆಗೆ ಬಿಟ್ಟುಕೊಡಲು ಒಪ್ಪಲಿಲ್ಲ ಅಂತಲೂ ದಾಖಲಾಗಿದೆ. ಅದು ನಿಜವೇ. ಮೂಢನಂಬಿಕೆ ಅಂತ ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ನಮ್ಮ ಕೇರಿಯ ಮುದುಕಿಯರು ದೊಡ್ಡಾಸ್ಪತ್ರೆಗೆ ಹೋಗಲು ಹೆದರುತ್ತಿದ್ದರಲ್ಲ, ಅವರೆಲ್ಲ ಮೂಢರೇನು? ನಮ್ಮಲ್ಲೊಬ್ಬನ ಅಜ್ಜಿಯನ್ನು ಒಂದು ಆಸ್ಪತ್ರೆಯಲ್ಲಿ ಕೈ ಮುಟ್ಟದೆ, ದೂರದಿಂದ ಚೀಟಿ ಎಸೆದು ಕಳಿಸಿದ್ದರು. ಆಮೇಲೆ ಆಕೆ ಸಾಯುವ ತನಕ ನಾಟಿ ಔಷಧಿ ಬಿಟ್ಟು ಬೇರೆ ಮುಟ್ಟಲಿಲ್ಲ. ಬದುಕಿದ್ದಾಗ ಒಂದು ದಿನವೂ ಹತ್ತಿರ ಬಾರದವನು ಸಾಯುವ ಹೊತ್ತಿಗೆ ಸೂಜಿ ಹಿಡಿದು ಬಂದು, ಅರ್ಥವಾಗದ ಭಾಷೆಯಲ್ಲಿ ಕೂಗಾಡಿದರೆ ಯಾರು ನಂಬುತ್ತಾರೆ? ನಂಬಿಕೆಯನ್ನು ಅಕ್ಕಿಯ ಹಾಗೆ ಲಾರಿಯಲ್ಲಿ ತುಂಬಿ ಕಳಿಸಲಾಗುವುದಿಲ್ಲ.

ಮುಂದೆ ಸರ್ಕಾರ ಏನೂ ಮಾಡಲಿಲ್ಲ ಅನ್ನುವ ಹಾಗಿಲ್ಲ. 1992 ರಲ್ಲಿ ಕಾನೂನು ಮಾಡಿ 1,000 ಕೋಟಿ ಪೆಸೊಗಳ ನಿಧಿ ಇಟ್ಟರು, ಪಿನಾಟುಬೊಗೇ ಅಂತ ಒಂದು ಆಯೋಗ ಮಾಡಿದರು. ಬಯಲಿನವರಿಗೆ ಬೇರೆ ಬಡಾವಣೆ, ಬೆಟ್ಟದವರಿಗೆ ಬೇರೆ ಬಡಾವಣೆ. ಬೆಟ್ಟದವರಿಗೆ ಕೊಟ್ಟ ಜಾಗ ಸಾಲು ಮನೆಗಳದ್ದು. ಕಲ್ಲು ನೆಲ, ಬೇಸಾಯಕ್ಕೆ ಸಾಲದ ತುಂಡು. ಆಯ್ತಾ ಗಂಡಸರು ಏನು ಮಾಡಿದರು? ಹೆಂಡತಿ ಮಕ್ಕಳನ್ನು ರೇಷನ್ನು ಸಿಗುವ ಕಡೆ ಇರಿಸಿ, ತಾವು ಬೂದಿ ಬಿದ್ದ ಬೆಟ್ಟಕ್ಕೇ ವಾಪಸು ಹೋಗಿ ಗೆಣಸು ನೆಡಲು ಶುರು ಮಾಡಿದರು. ಇಂಥದ್ದನ್ನು ಕಂಡಾಗ ಎಲ್ಲ ದೇಶದಲ್ಲೂ ಒಂದೇ ಮಾತು ಹುಟ್ಟುತ್ತದೆ: ಎಷ್ಟು ಕೊಟ್ಟರೂ ಇವರು ಉದ್ಧಾರ ಆಗಲ್ಲ.

ಇಲ್ಲಿ ಒಂದು ಮಾತು. ಬಯಲಿನವರೆಲ್ಲ ಸುಖವಾಗಿದ್ದರು ಅಂತ ತಿಳಿಯಬೇಡಿ. ಬೆಟ್ಟದ ಮೇಲೆ ಕೂತ ಬೂದಿ ಮಳೆಗೆ ಕೆಸರಾಗಿ ಹೊಳೆಯಲ್ಲಿ ಇಳಿಯುತ್ತಿತ್ತು. ಲಹಾರ್ ಅಂತಾರೆ ಅದಕ್ಕೆ. ಹರಿಯುವಾಗ ಕಾಂಕ್ರೀಟಿನ ಹಾಗೆ, ನಿಂತಮೇಲೆ ಕಲ್ಲಿನ ಹಾಗೆ. 1995 ರ ಅಕ್ಟೋಬರಿನಲ್ಲಿ, ಸ್ಫೋಟವಾಗಿ ನಾಲ್ಕು ವರ್ಷದ ಮೇಲೆ, ಬಕೊಲೋರ್ ಪಟ್ಟಣವನ್ನು ಅದು ಹೂತಿತು. ಅಲ್ಲಿಯ ಹಳೆಯ ಚರ್ಚು ಅರ್ಧ ಹೂತಿದ್ದು ಈಗಲೂ ಹಾಗೇ ಇದೆ, ಕಿಟಕಿಗಳೇ ಬಾಗಿಲಾಗಿವೆ. ಬಯಲಿನ ಬಡ ರೈತನೂ ನಮ್ಮವನೇ. ಅವನ ಅನ್ನದ ಮೇಲೆ ನಮಗೆ ಕಣ್ಣಿಲ್ಲ.

ನಮ್ಮ ತಕರಾರು ಪಟ್ಟಿಯ ಬಗ್ಗೆ. ಪರಿಹಾರ ಅನ್ನುವುದು ಎಲ್ಲ ಕಡೆ ಒಂದು ಪಟ್ಟಿಯಿಂದ ಶುರುವಾಗುತ್ತದೆ. ನಿನ್ನದು ಏನು ಹೋಯಿತು? ಮನೆ ಹೋಯಿತು, ಪತ್ರ ತೋರಿಸು. ಗದ್ದೆ ಹೋಯಿತು, ಪತ್ರ ತೋರಿಸು. ಆಯ್ತಾನ ಹತ್ತಿರ ಹೋದದ್ದು ಒಂದು ಇಡೀ ಬೆಟ್ಟ. ಬೇಟೆ, ಜೇನು, ಔಷಧಿ ಗಿಡ, ಹತ್ತು ವರ್ಷ ಬಿಟ್ಟು ಮತ್ತೆ ಬರಬೇಕೆಂದಿದ್ದ ಕುಮರಿ ನೆಲ, ಸತ್ತವರನ್ನು ಮಣ್ಣು ಮಾಡಿದ ಜಾಗ. ಪತ್ರ ಇರಲಿಲ್ಲ. ಪತ್ರವಿಲ್ಲದ್ದು ಪಟ್ಟಿಗೆ ಬರುವುದಿಲ್ಲ. ಪಟ್ಟಿಗೆ ಬಾರದ್ದು ಕಳೆದುಹೋದದ್ದೇ ಅಲ್ಲ. ಹಾಗಾಗಿ ಅವನಿಗೆ ಉಳಿದದ್ದು ಹೊಟ್ಟೆ ಒಂದೇ, ಹೊಟ್ಟೆಗೆ ಒಂದು ಡಬ್ಬಿ ಮೀನು. ಡಬ್ಬಿ ಮೀನು ತಪ್ಪಲ್ಲ. ಬೆಟ್ಟದ ಲೆಕ್ಕಕ್ಕೆ ಅದನ್ನು ಜಮಾ ಮಾಡಿದ್ದು ತಪ್ಪು.

ಈಗ ಕೇರಿಗೆ ಬರೋಣ. 1993 ರ ಸೆಪ್ಟೆಂಬರ್ 30 ರಂದು ನಮ್ಮ ಗಡಿಯಾಚೆ ಲಾತೂರಿನಲ್ಲಿ ಭೂಮಿ ನಡುಗಿತು. ಹೊಸ ಊರು ಕಟ್ಟುವಾಗ ಮನೆಯ ಅಳತೆಯನ್ನು ಜಮೀನಿನ ಮೇಲೆ ಗೊತ್ತು ಮಾಡಿದರು. ಜಮೀನಿಲ್ಲದವನಿಗೆ, ಚೂರುಪಾರು ಇದ್ದವನಿಗೆ 250 ಚದರ ಅಡಿ. ನಡುವಿನವನಿಗೆ 450. ದೊಡ್ಡ ಹಿಡುವಳಿಯವನಿಗೆ 750. ಭೂಕಂಪ ಎಲ್ಲರನ್ನೂ ಒಂದೇ ನೆಲಕ್ಕೆ ಕೆಡವಿತ್ತು. ಪರಿಹಾರ ಬಂದು ಮತ್ತೆ ಅವರವರ ಜಾಗದಲ್ಲಿ ನಿಲ್ಲಿಸಿತು. 2004 ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಿಣದ ಕಡೆ ದೋಣಿ ಕಳಕೊಂಡವನಿಗೆ ದೋಣಿ ಕೊಟ್ಟರು, ಕೊಡಬೇಕಾದ್ದೇ. ಆ ದೋಣಿಯಿಂದ ಮೀನು ಇಳಿಸಿ, ಹೊತ್ತು, ಗದ್ದೆಯಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ದಲಿತರು ಏನು ಕಳಕೊಂಡರು ಅಂತ ಬರೆಯಲು ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ಹೆಣ ಎತ್ತುವ ಕೆಲಸಕ್ಕೆ ಮಾತ್ರ ಬೇರೆ ಬೇರೆ ಊರಿನ ಪೌರಕಾರ್ಮಿಕರನ್ನು ಹುಡುಕಿ ಕರೆಸಿದರು. ಆ ಪಟ್ಟಿಯಲ್ಲಿ ನಮ್ಮವರ ಹೆಸರು ಯಾವತ್ತೂ ತಪ್ಪುವುದಿಲ್ಲ.

2019 ರಲ್ಲಿ ನಾವೂ ಕಂಡೆವು. ಡಬ್ಬದ ಹಣದಲ್ಲಿ ಬೇಳೆ, ಸೋಪು, ಚಾಪೆ ಕೊಂಡು ಒಂದು ಟೆಂಪೋದಲ್ಲಿ ಹೋಗಿದ್ದೆವು. ಊರ ಹೆಸರು ಬೇಡ. ಯಾರೋ ಕಳಿಸಿದ ಹಳೇ ಬಟ್ಟೆಯ ರಾಶಿ ಶಾಲೆ ಅಂಗಳದಲ್ಲಿ ಮಳೆಗೆ ನೆಂದು ಮುಗ್ಗುಲು ನಾರುತ್ತಿತ್ತು. ಗುಂಡಿ ಕಿತ್ತ ಕೋಟು, ಒಂಟಿ ಬೂಟು, ಮದುವೆಗೆ ಉಡುವ ಹರಿದ ಜರಿ ಸೀರೆ. ಮನೆ ಬಿದ್ದವರಿಗೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು. ಒಬ್ಬ ಅಜ್ಜ ನಮ್ಮ ಹತ್ತಿರ ಬಂದು, "ತಮ್ಮಾ, ನೀವು ಓದಿದವರಿದ್ದೀರಿ, ಇದನ್ನ ನೋಡ್ರಿ" ಅಂತ ಒಂದು ಪ್ಲಾಸ್ಟಿಕ್ ಚೀಲ ಬಿಚ್ಚಿದ. ಒಳಗೆ ಒದ್ದೆಯಾದ ರೇಷನ್ ಕಾರ್ಡು, ಮತದಾರರ ಚೀಟಿ ಇತ್ತು. ಗುಡಿಸಲು ಇದ್ದ ಜಾಗಕ್ಕೆ ಹಕ್ಕುಪತ್ರ ಇರಲಿಲ್ಲ. ಅವನಪ್ಪನ ಕಾಲದಿಂದ ಅಲ್ಲೇ ಇದ್ದರು. ನಾವು ಅವನ ಕೈಗೆ ಒಂದು ಚಾಪೆ ಕೊಟ್ಟೆವು. ಅವನು ಚಾಪೆ ತಗೊಂಡ, ಆದರೆ ಚೀಲ ಬಿಚ್ಚಿಕೊಂಡೇ ನಿಂತಿದ್ದ. ಆ ಕ್ಷಣ ನಮಗಾದ ನಾಚಿಕೆಯನ್ನು ಇಲ್ಲಿ ಬರೆದು ಕಡಿಮೆ ಮಾಡಿಕೊಳ್ಳಲು ನಮಗೆ ಇಷ್ಟವಿಲ್ಲ. ಹತ್ತು ಮಂದಿ ಕಾಲೇಜು ಓದುವವರು ಇದ್ದೆವು. ಅವನ ಪರವಾಗಿ ತಹಸೀಲ್ದಾರರಿಗೆ ಒಂದು ಅರ್ಜಿ ಬರೆಯಲು ನಮಗೆ ಯಾರಿಗೂ ಹೊಳೆಯಲಿಲ್ಲ. ಟೆಂಪೋ ಬಾಡಿಗೆ ಏರುತ್ತದೆ ಅಂತ ಹೊರಟು ಬಂದೆವು.

ಹಾಗಾದರೆ ದಾನದ ಹಣ ಮುಟ್ಟಲೇಬಾರದೋ? ಇಲ್ಲಿ ಪಿನಾಟುಬೊದವರೇ ಇನ್ನೊಂದು ದಾರಿ ತೋರಿಸಿದ್ದಾರೆ. ಝಾಂಬಾಲೆಸ್ ಸೀಮೆಯ ಆಯ್ತಾಗಳು ಸ್ಫೋಟಕ್ಕೆ ಎಷ್ಟೋ ಮುಂಚೆ, 1980 ರ ದಶಕದಲ್ಲಿ, ಸನ್ಯಾಸಿನಿಯರಿಂದ ಓದು ಬರಹ ಕಲಿತಿದ್ದರು. ಸಂತೆಯಲ್ಲಿ ತೂಕ ಲೆಕ್ಕದಲ್ಲಿ ಮೋಸ ಹೋಗಿ ಹೋಗಿ ಸಾಕಾಗಿ, ಅಕ್ಷರ ಬೇಕು ಅಂದಿದ್ದರು. ಆ ಓದಿನಿಂದ ಅವರದೇ ಒಂದು ಸಂಘ ಹುಟ್ಟಿತು. ಲಾಕಾಸ್ ಅಂತ. ಟಾಗಲಾಗ್ ಭಾಷೆಯಲ್ಲಿ ಆ ಮಾತಿಗೆ ಬಲ ಅಂತ ಅರ್ಥ. ಬೆಟ್ಟ ಸಿಡಿದಾಗ ಇವರು ಚೆಲ್ಲಾಪಿಲ್ಲಿಯಾಗಲಿಲ್ಲ. ಒಟ್ಟಿಗೆ ಇಳಿದರು, ಒಂದು ಶಿಬಿರದಿಂದ ಇನ್ನೊಂದಕ್ಕೆ ಒಟ್ಟಿಗೇ ಹೋದರು, ಸರ್ಕಾರ ತೋರಿಸಿದ ಬಡಾವಣೆಗೆ ಹಂಚಿಹೋಗಲು ಒಪ್ಪಲಿಲ್ಲ. ನೆರವು ತಗೊಂಡರು. ಆದರೆ ಆ ನೆರವು ಬೊಟೊಲನ್ ಕಡೆಯ ಬಿಹಾವೊ ಎಂಬಲ್ಲಿ ಸಂಘಕ್ಕೇ ನೆಲವಾಗುವ ಹಾಗೆ ನೋಡಿಕೊಂಡರು. ತಮ್ಮ ಮೇಲೆ ಬಂದದ್ದನ್ನು ತಮ್ಮ ಸಂಘದ ಹೆಸರಿನಲ್ಲೇ ಪುಸ್ತಕವಾಗಿ 1991 ರಲ್ಲೇ ಹೊರತಂದರು. ಅವರ ಕಷ್ಟ ಮುಗಿಯಿತು ಅಂತ ನಾವು ಹೇಳುತ್ತಿಲ್ಲ, ಅವರೂ ಮಕ್ಕಳನ್ನು ಮಣ್ಣು ಮಾಡಿದವರೇ. ಆದರೆ ದಾನಿ ಬಂದಾಗ ಕೂತು ಮಾತಾಡಲು ಅವರಿಗೆ ಒಂದು ಚಾಪೆ ಇತ್ತು, ಆ ಚಾಪೆ ಅವರದಾಗಿತ್ತು. ಹಾಸ್ಟೆಲಿನಲ್ಲಿ ಕೂತು ಓದುವ ನಾವು ಈ ಪ್ಯಾರಾವನ್ನು ಎರಡು ಸಲ ಓದಬೇಕು. ಅಕ್ಷರ ಕಲಿತ ಹತ್ತು ಮಂದಿ ಏನು ಮಾಡಬಹುದಿತ್ತು ಅನ್ನುವುದು ಇದರಲ್ಲಿದೆ.

ಮುಂದಿನ ಕತೆ ಉದ್ದ. 1997 ರಲ್ಲಿ ಆ ದೇಶ ಮೂಲನಿವಾಸಿಗಳ ಹಕ್ಕಿನ ಕಾನೂನು ಮಾಡಿತು. ಪಿನಾಟುಬೊ ಸುತ್ತಲಿನ ಕೆಲವು ಆಯ್ತಾ ಸಮುದಾಯಗಳ ಕೈಗೆ ಪೂರ್ವಜರ ನೆಲದ ಹಕ್ಕುಪತ್ರ ಬರುವ ಹೊತ್ತಿಗೆ 2009, 2010 ಆಗಿತ್ತು. ಸ್ಫೋಟದ ವರ್ಷ ಹುಟ್ಟಿದ ಕೂಸು ಆಗ ನಮ್ಮ ವಯಸ್ಸಿಗೆ ಬಂದಿತ್ತು, ದಡಾರದಲ್ಲಿ ಉಳಿದಿದ್ದರೆ. ನಮ್ಮ ಸೋಲಿಗರಿಗೂ ಹೀಗೇ. 1974 ರಲ್ಲಿ ಅಭಯಾರಣ್ಯ ಮಾಡಿ ಎಬ್ಬಿಸಿದರು, ಕಾಡಿನ ಮೇಲೆ ಅವರ ಸಮುದಾಯದ ಹಕ್ಕು ಒಪ್ಪಿದ್ದು 2011 ರಲ್ಲಿ. ಅಷ್ಟರಲ್ಲಿ ಲಹಾರಿನ ಮರಳಿಗೆ ಒಳ್ಳೆಯ ರೇಟು ಬಂತು. ಮನೆ, ರಸ್ತೆ ಕಟ್ಟಲು ಲಾರಿಗಟ್ಟಲೆ ಹೋಯಿತು, ಪ್ರಾಂತ್ಯಕ್ಕೆ ತೆರಿಗೆ ಬಂತು. ಸಿಡಿದ ಬಾಯಲ್ಲಿ ನೀರು ನಿಂತು ಚೆಂದದ ಕೆರೆಯಾಯಿತು. ನೋಡಲು ಪ್ರವಾಸಿಗಳು ಬಂದರು, ಜೀಪಿಗೆ ಬಾಡಿಗೆ, ದಾರಿಗೆ ಶುಲ್ಕ. ಕ್ಲಾರ್ಕ್ ನೆಲೆಯನ್ನು ಅಮೆರಿಕದವರು 1991 ರಲ್ಲೇ ಬಿಟ್ಟು ಹೋಗಿದ್ದರು. ಅದಕ್ಕೆ ಸೇರಿದ ನೆಲದಲ್ಲಿ ಹೊಸ ನಗರ ಕಟ್ಟಿ 2019 ರಲ್ಲಿ ಆಗ್ನೇಯ ಏಷ್ಯಾದ ಕ್ರೀಡಾಕೂಟ ನಡೆಸಿದರು. ಆ ಕಟ್ಟೋಣದಿಂದ ತಮ್ಮನ್ನು ಎಬ್ಬಿಸುತ್ತಿದ್ದಾರೆ ಅಂತ ಅಲ್ಲಿಯ ಆಯ್ತಾಗಳು ಕೂಗಿದರು. ಎರಡನೇ ಸಲ ಎಬ್ಬಿಸಲು ಬೆಂಕಿಬೆಟ್ಟ ಬೇಕಾಗಲಿಲ್ಲ. 2025 ರ ಏಪ್ರಿಲಿನಲ್ಲಿ ಕಾಪಾಸ್ ಕಡೆಯ ಆಯ್ತಾಗಳು ಪ್ರವಾಸಿ ದಾರಿಗೆ ಅಡ್ಡ ಕೂತರು. ನಮ್ಮ ಬೆಟ್ಟ ತೋರಿಸಿ ದುಡಿದದ್ದರಲ್ಲಿ ನಮ್ಮ ಪಾಲು ಎಲ್ಲಿ ಅಂತ. ಪೊಲೀಸರು ಬಂದರು. ಇವರೇ ಮೂವತ್ತನಾಲ್ಕು ವರ್ಷದ ಹಿಂದೆ ಲೋಕವೆಲ್ಲ ಅಯ್ಯೋ ಅಂದು ಅಕ್ಕಿ ಕಳಿಸಿದ ಜನ. ಸಾಲಿನಲ್ಲಿ ನಿಂತಾಗ ಬಂದ ಕರುಣೆ ದಾರಿಯಲ್ಲಿ ಕೂತಾಗ ಬರಲಿಲ್ಲ.

ಗೆಳೆಯರೆ, ಹೋದ ಸಭೆಯಲ್ಲಿ ನಾವು ಒಂದು ತೀರ್ಮಾನಕ್ಕೆ ಬಂದೆವು. ತಟ್ಟೆ ಕೆಳಗಿಟ್ಟವನೂ, ಅಕ್ಕನ ಊರಿನವನೂ ಇಬ್ಬರೂ ಒಪ್ಪಿದ್ದಾರೆ, ಅದೇ ದೊಡ್ಡದು. ಡಬ್ಬ ಎತ್ತುತ್ತೇವೆ. ಮೊದಲ ವಾರದ ಅನ್ನಕ್ಕೆ ಸಿದ್ಧಾಂತ ಕೇಳುವುದಿಲ್ಲ, ಯಾವ ಜಾತಿಯ ಹೊಟ್ಟೆ ಅಂತಲೂ ಕೇಳುವುದಿಲ್ಲ. ಹಳೇ ಬಟ್ಟೆ ತಗೊಳ್ಳುವುದಿಲ್ಲ. ಹಂಚುವಾಗ ಫೋಟೋ ಇಲ್ಲ. ಏನು ಬೇಕು ಅಂತ ಮೊದಲು ಇಬ್ಬರು ಹೋಗಿ ಅಲ್ಲಿಯ ಹೆಂಗಸರನ್ನು ಕೇಳಿಕೊಂಡು ಬರುತ್ತಾರೆ, ಆಮೇಲೆ ಸಾಮಾನು ಕೊಳ್ಳುತ್ತೇವೆ. ಟೆಂಪೋದಲ್ಲಿ ಅಕ್ಕಿ ಮೂಟೆಯ ಜೊತೆ ಬಿಳಿ ಹಾಳೆ, ಕಾರ್ಬನ್ ಕಾಗದ, ಪೆನ್ನು ಹೋಗುತ್ತದೆ. ಗ್ರಾಮಲೆಕ್ಕಿಗರ ಪಟ್ಟಿ ಕೇಳಿ ನೋಡಿ, ಅದರಲ್ಲಿ ಇಲ್ಲದವರ ಹೆಸರು ಮನೆ ಮನೆಗೆ ಹೋಗಿ ಬರೆದು, ಅರ್ಜಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡೇ ವಾಪಸು ಬರುವುದು. ಬಾಡಿಗೆ ಏರಿದರೆ ಏರಲಿ, ಬಸ್ಸಿನಲ್ಲಿ ಬರುತ್ತೇವೆ.

ಅರ್ಜಿ ಬರೆಯುವುದನ್ನು ಕಲಿಯಬೇಕೆನ್ನುವವರು ಬರುವ ಭಾನುವಾರ ಸಂಜೆ ಹಾಸ್ಟೆಲಿನ ಓದುವ ಕೋಣೆಗೆ ಬನ್ನಿ. ಕಾನೂನು ಓದುವ ಇಬ್ಬರು ಅಣ್ಣಂದಿರು ಬರುತ್ತಾರೆ. 2019 ರ ಡಬ್ಬದ ಲೆಕ್ಕದ ಪುಸ್ತಕವೂ ಅಲ್ಲೇ ಮೇಜಿನ ಮೇಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಆ ಅಜ್ಜನ ಊರಿಗೆ ಮತ್ತೆ ಹೋಗಿ ಬರುವ ಮಾತೂ ಇದೆ. ಇಷ್ಟು ವರ್ಷದ ಮೇಲೆ ಅವನಿದ್ದಾನೋ ಇಲ್ಲವೋ. ಪ್ಲಾಸ್ಟಿಕ್ ಚೀಲ ಅವನ ಮಕ್ಕಳ ಹತ್ತಿರ ಇದ್ದೀತು.